‘ಹೊರಗೆ’ ಎಂದರೆ ಯಾರ ಹೊರಗೆ? ಆತ್ಮರಕ್ಷಣೆಯ ತರಬೇತಿಯಲ್ಲಿ ದಿಕ್ಕು ಮತ್ತು ದೇಹದ ಮಾತು

ಎದುರಾಳಿಯ ಮಣಿಕಟ್ಟನ್ನು ತಿರುಗಿಸಿ ನೆಲಕ್ಕೆ ಇಳಿಸುವ ಪಟ್ಟೊಂದು ಐಕಿಡೋ ಎಂಬ ಜಪಾನಿ ಸಮರಕಲೆಯಲ್ಲಿದೆ. ಅದರ ಹೆಸರು ಕೋತೆ ಗಾಯೇಶಿ. ನಾನು ಅದನ್ನು ಕಲಿಯುತ್ತಿದ್ದ ದಿನಗಳಲ್ಲಿ ಒಮ್ಮೆ ಜೊತೆಗಾರ ನನ್ನ ಬಲ ಮಣಿಕಟ್ಟನ್ನು ಹಿಡಿದು ನಿಂತಿದ್ದ. ‘ಹೊರಗೆ ತಿರುಗಿಸು’ ಎಂಬ ಸೂಚನೆ ಬಂತು. ಹೊರಗೆ ಎಂದರೆ ನನ್ನ ಬಲಕ್ಕೆ ಎಂದು ನಾನು ತಿಳಿದಿದ್ದೆ, ಆ ಕಡೆಗೇ ಬೀಳಲು ಮೈಯನ್ನು ಅಣಿಗೊಳಿಸಿದ್ದೆ. ಹೊರಗೆ ಎಂದರೆ ತನ್ನ ಬಲಕ್ಕೆ ಎಂದು ಅವನು ತಿಳಿದಿದ್ದ. ಎದುರುಬದುರು ನಿಂತವರಲ್ಲಿ ಅವನ ಬಲ ನನ್ನ ಎಡ. ಮೈ ಒಂದು ಕಡೆ, ಮಣಿಕಟ್ಟು ಇನ್ನೊಂದು ಕಡೆ ಹೋಯಿತು. ಉಳುಕಿದ ಕೈಯಿಂದ ಮೂರು ವಾರ ಬಾಗಿಲಿನ ಹಿಡಿಯನ್ನೂ ತಿರುಗಿಸಲಾಗಲಿಲ್ಲ.

ಅವನು ಹೇಳಿದ್ದನ್ನೇ ಮಾಡಿದ, ನಾನೂ ಕೇಳಿದ್ದನ್ನೇ ಮಾಡಿದೆ. ಕೊರತೆ ಇದ್ದದ್ದು ಮಾತಿನಲ್ಲಿ: ಆ ‘ಹೊರಗೆ’ಗೆ ಒಡೆಯರಿರಲಿಲ್ಲ. ಅಂದಿನಿಂದ ಕಲಿಯುವಾಗಲೂ ಕಲಿಸುವಾಗಲೂ ನಾನು ಬಿಡದೆ ಕೇಳುವ ಪ್ರಶ್ನೆ ಒಂದೇ: ಯಾರ ಎಡ, ಯಾವುದರ ಒಳಗೆ, ಎಲ್ಲಿಂದ ಮೇಲಕ್ಕೆ? ಈ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವಂತಾಗಲು ಏನೇನು ಮಾಡಬೇಕು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ನೀವು ಕಲಿಯುತ್ತಿರುವ ಕಲೆ ಯಾವುದಾದರೂ ಆಗಬಹುದು.

ಹೆಜ್ಜೆ 1: ಅಳತೆಗೆ ಒಂದು ನಿಲುವು

ನೇರವಾಗಿ ನಿಲ್ಲಿ. ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ಅಂಗೈಗಳನ್ನು ಮುಂದಕ್ಕೆ ತಿರುಗಿಸಿ. ಈಗ ಹೆಬ್ಬೆರಳುಗಳು ಮೈಯಿಂದ ಆಚೆಗೆ ಚಾಚಿರುತ್ತವೆ. ವೈದ್ಯರು ಅಂಗರಚನೆಯನ್ನು ವಿವರಿಸುವುದು ಈ ನಿಲುವನ್ನು ಇಟ್ಟುಕೊಂಡೇ. ನಿಜವಾದ ಹೊಡೆದಾಟದಲ್ಲಿ ಯಾರೂ ಹೀಗೆ ನಿಲ್ಲುವುದಿಲ್ಲ, ಆದರೆ ದೇಹ ಹೇಗೆ ತಿರುಚಿಕೊಂಡಿದ್ದರೂ ಭಾಗಗಳ ಹೆಸರು ಬದಲಾಗಬಾರದು ಎಂದರೆ ಇಂಥ ಒಂದು ಸ್ಥಿರ ನಿಲುವು ಬೇಕೇ ಬೇಕು.

ಹಣೆಯ ನಡುವಿನಿಂದ ಮೂಗು, ಎದೆಯ ನಡುಮೂಳೆ, ಹೊಕ್ಕುಳುಗಳ ಮೇಲೆ ಹಾದು ಎರಡು ಪಾದಗಳ ನಡುವೆ ಇಳಿಯುವ ಒಂದು ಗೆರೆಯನ್ನು ಕಲ್ಪಿಸಿಕೊಳ್ಳಿ. ಇದು ನಡುಗೆರೆ. ವಿಂಗ್ ಚುನ್ ಎಂಬ ಚೀನೀ ಸಮರಕಲೆಯನ್ನು ಕಲಿಯುವವರು ಮೊದಲ ದಿನದಿಂದಲೇ ಈ ಗೆರೆಯನ್ನು ಕಾಯುವುದನ್ನು ಕಲಿಯುತ್ತಾರೆ. ಗಂಟಲು, ಎದೆಗುಂಡಿಗೆ, ತೊಡೆಸಂದುಗಳೆಲ್ಲ ಅದರ ಮೇಲೆಯೇ ಇರುವುದರಿಂದ ಆ ಎಚ್ಚರಕ್ಕೆ ಅರ್ಥವಿದೆ. ನಮ್ಮ ಲೆಕ್ಕದಲ್ಲಿ ನಡುಗೆರೆಗೆ ಹತ್ತಿರವಾದದ್ದು ಒಳ, ದೂರವಾದದ್ದು ಹೊರ.

ಕೈಕಾಲುಗಳ ಉದ್ದಕ್ಕೆ ಇನ್ನೊಂದು ಜೋಡಿ ಬೇಕು. ಮರದ ಕೊಂಬೆಗೆ ಹೇಳುವಂತೆ ಬುಡ ಮತ್ತು ತುದಿ ಎನ್ನಿ. ಮುಂಡಕ್ಕೆ ಅಂಟಿಕೊಂಡ ಕಡೆ ಬುಡ, ಬೆರಳಿನ ಕಡೆ ತುದಿ. ಇದು ಎಷ್ಟು ಮುಖ್ಯ ಎನ್ನುವುದಕ್ಕೆ ಒಂದು ಉದಾಹರಣೆ ಸಾಕು. ನೇರವಾಗಿ ಚಾಚಿದ ಕೈಗೆ ಪಟ್ಟು ಹಾಕುವಾಗ ‘ಮೊಣಕೈಗಿಂತ ಸ್ವಲ್ಪ ಮೇಲೆ ಒತ್ತಿ’ ಎಂದು ಕಲಿಸುವವರು ಹೇಳುತ್ತಾರೆ. ಇಳಿಬಿಟ್ಟ ಕೈಯಲ್ಲಿ ಮೊಣಕೈಯ ಮೇಲೆ ಇರುವುದು ತೋಳು. ಎತ್ತಿದ ಕೈಯಲ್ಲಿ ಮೊಣಕೈಯ ಮೇಲೆ ಇರುವುದು ಮಣಿಕಟ್ಟಿನ ಕಡೆಯ ಭಾಗ, ಅಲ್ಲಿ ಒತ್ತಿದರೆ ಪಟ್ಟು ಬೀಳುವುದೇ ಇಲ್ಲ. ‘ಮೊಣಕೈಯಿಂದ ಎರಡು ಬೆರಳಗಲ ಬುಡದ ಕಡೆಗೆ’ ಎಂದರೆ ಕೈ ಎಲ್ಲಿದ್ದರೂ ಜಾಗ ಒಂದೇ.

ಹೆಜ್ಜೆ 2: ‘ಕೈ’ ಎನ್ನುವುದನ್ನು ಬಿಡಿ

ಕನ್ನಡದಲ್ಲಿ ಭುಜದಿಂದ ಬೆರಳ ತುದಿಯವರೆಗೆ ಎಲ್ಲವೂ ಕೈ, ಸೊಂಟದ ಕೆಳಗಿನದೆಲ್ಲ ಕಾಲು. ದಿನನಿತ್ಯದ ಮಾತಿಗೆ ಇಷ್ಟು ಸಾಕು. ಅಭ್ಯಾಸದ ಚಾಪೆಯ ಮೇಲೆ ‘ಕೈ ಹಿಡಿಯಿರಿ’ ಎಂದರೆ ಒಬ್ಬರು ಬೆರಳು ಹಿಡಿಯುತ್ತಾರೆ, ಇನ್ನೊಬ್ಬರು ರಟ್ಟೆ ಹಿಡಿಯುತ್ತಾರೆ. ಪದಗಳಿಗೇನೂ ಬರವಿಲ್ಲ, ಬಳಸುವ ರೂಢಿ ತಪ್ಪಿದೆ ಅಷ್ಟೆ.

ಬುಡದಿಂದ ತುದಿಗೆ ಹೋಗೋಣ. ಭುಜ ಎಂಬುದನ್ನು ಕೀಲಿಗೆ ಮೀಸಲಿಡಿ, ಹೆಗಲು ಎಂಬುದನ್ನು ಕುತ್ತಿಗೆಗೂ ಭುಜಕ್ಕೂ ನಡುವೆ ಭಾರ ಹೊರುವ ಮೇಲ್ಭಾಗಕ್ಕೆ. ಅಲ್ಲಿಂದ ಮೊಣಕೈವರೆಗೆ ತೋಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಮುಂದೋಳು. ಇಲ್ಲಿ ‘ಮುಂಗೈ’ ಎನ್ನಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ. ಆ ಪದವನ್ನು ಕೆಲವರು ಮಣಿಕಟ್ಟಿಗೆ ಬಳಸುತ್ತಾರೆ, ಕೆಲವರು ಇಡೀ ಮುಂದೋಳಿಗೆ ಬಳಸುತ್ತಾರೆ. ಎರಡೂ ಸರಿಯಾದ ಕನ್ನಡವೇ, ಅದೇ ತೊಂದರೆ.

ಮುಂದೋಳಿನಲ್ಲಿ ಎರಡು ಮೂಳೆಗಳಿವೆ. ಒಂದು ಹೆಬ್ಬೆರಳಿನ ಕಡೆ, ಇನ್ನೊಂದು ಕಿರುಬೆರಳಿನ ಕಡೆ. ಮೊಣಕೈಯ ಮೊನೆಯಾಗಿ ಕಾಣುವುದು ಕಿರುಬೆರಳಿನ ಕಡೆಯ ಮೂಳೆಯ ಬುಡ. ಅಂಗೈಯನ್ನು ಕವುಚಿದಾಗ ಹೆಬ್ಬೆರಳಿನ ಕಡೆಯ ಮೂಳೆ ಇನ್ನೊಂದರ ಮೇಲೆ ಅಡ್ಡಲಾಗಿ ಹೊರಳುತ್ತದೆ. ಆದ್ದರಿಂದ ‘ಮುಂದೋಳಿನ ಒಳಬದಿ’ ಎಂಬ ಮಾತು ಅಂಗೈ ಹೊರಳಿದಂತೆಲ್ಲ ಅರ್ಥ ಬದಲಿಸುತ್ತದೆ. ‘ಹೆಬ್ಬೆರಳಿನ ಕಡೆ’, ‘ಕಿರುಬೆರಳಿನ ಕಡೆ’, ‘ಅಂಗೈ ಕಡೆ’, ‘ಹಿಂಗೈ ಕಡೆ’ ಎಂಬ ನಾಲ್ಕು ಮಾತುಗಳು ಮಾತ್ರ ಯಾವತ್ತೂ ಮೋಸ ಮಾಡುವುದಿಲ್ಲ. ಟೇಕ್ವಾಂಡೋ, ಕರಾಟೆಗಳಲ್ಲಿ ಮುಂದೋಳಿನಿಂದ ತಡೆಯುವಾಗ ಯಾವ ಬದಿ ತಾಗಬೇಕು ಎಂಬುದನ್ನು ಹೀಗೆಯೇ ಹೇಳಿ ನೋಡಿ, ಹೊಸಬರಿಗೆ ಒಂದೇ ಸಲಕ್ಕೆ ತಿಳಿಯುತ್ತದೆ.

ಹೊಡೆಯುವ ಭಾಗಗಳಿಗೂ ಬಿಡಿ ಬಿಡಿ ಹೆಸರಿರಲಿ. ಮುಷ್ಟಿಯಲ್ಲಿ ತಾಗಬೇಕಾದದ್ದು ತೋರುಬೆರಳು ಮತ್ತು ನಡುಬೆರಳಿನ ಗಿಣ್ಣುಗಳು, ಕರಾಟೆಯಲ್ಲಿ ಸೇಕೆನ್ ಎನ್ನುವುದು ಇದನ್ನೇ. ಕಿರುಬೆರಳಿನ ಗಿಣ್ಣು ತಾಗಿದರೆ ಅದರ ಬುಡದ ಅಂಗೈಮೂಳೆ ಮುರಿಯಬಹುದು, ವೈದ್ಯರು ಬಾಕ್ಸರನ ಮೂಳೆಮುರಿತ ಎಂದು ಕರೆಯುವಷ್ಟು ಅದು ಸಾಮಾನ್ಯ. ಹೊಸದಾಗಿ ಆತ್ಮರಕ್ಷಣೆ ಕಲಿಯುವವರಿಗೆ ಮುಷ್ಟಿಗಿಂತ ಅಂಗೈಯ ಬುಡವೇ ಸುರಕ್ಷಿತ ಎಂದು ನಾನು ಹೇಳುವುದು ಇದಕ್ಕಾಗಿ. ಕಿರುಬೆರಳಿನ ಕಡೆಯ ಕೈಯಂಚು ಕರಾಟೆಯ ಶುತೋ, ಹೆಬ್ಬೆರಳಿನ ಕಡೆಯದು ಹೈತೋ.

ಕಾಲಿಗೆ: ತೊಡೆ, ಮಂಡಿ, ಮಂಡಿಯ ಕೆಳಗೆ ಎದುರಿಗೆ ಕಣಕಾಲು, ಹಿಂದೆ ಮೀನಖಂಡ, ಆಮೇಲೆ ಕಾಲಿನ ಗಿಣ್ಣು, ಹಿಮ್ಮಡಿ, ಅಂಗಾಲು, ಪಾದದ ಮೇಲ್ಭಾಗ, ಪಾದದ ಹೊರ ಅಂಚು. ‘ಪಾದದಿಂದ ಒದೆಯಿರಿ’ ಎಂಬ ಸೂಚನೆ ಅಪೂರ್ಣ. ಎದುರಿಗೆ ಒದೆಯುವಾಗ ಬೆರಳುಗಳನ್ನು ಹಿಂದಕ್ಕೆ ಎಳೆದುಕೊಂಡು ಅಂಗಾಲಿನ ಮುಂಭಾಗದ ಉಬ್ಬನ್ನು ಬಳಸಬೇಕೆಂದು ಹೇಳದಿದ್ದರೆ ಬೆರಳು ಮುರಿದುಕೊಳ್ಳುವುದು ಖಂಡಿತ.

ಹೆಜ್ಜೆ 3: ಎಡ ಬಲಗಳಿಗೆ ಒಡೆಯರನ್ನು ಕೊಡಿ

ಎದುರುಬದುರು ನಿಂತ ಇಬ್ಬರಲ್ಲಿ ನಾಲ್ಕು ಕೈಗಳಿವೆ, ಎರಡು ಎಡ, ಎರಡು ಬಲ. ಮೊದಲು ಪಾತ್ರಗಳನ್ನು ಹೆಸರಿಸಿ. ಜೂಡೋದಲ್ಲಿ ಪಟ್ಟು ಹಾಕುವವರು ತೋರಿ, ಹಾಕಿಸಿಕೊಳ್ಳುವವರು ಉಕೆ. ಆತ್ಮರಕ್ಷಣೆಯ ತರಗತಿಯಲ್ಲಿ ‘ಹಿಡಿದವರು’, ‘ಬಿಡಿಸಿಕೊಳ್ಳುವವರು’ ಎಂದರೂ ಸಾಕು. ಆಮೇಲೆ ‘ಹಿಡಿದವರ ಬಲಗೈ’, ‘ನಿಮ್ಮ ಎಡಗಾಲು’ ಎಂದೇ ಹೇಳಿ. ಎರಡು ಅಕ್ಷರ ಹೆಚ್ಚಾಗುತ್ತದೆ, ಆಗಲಿ.

ಎಡ ಬಲಕ್ಕಿಂತ ಎಷ್ಟೋ ಸಲ ಮುಂದು ಹಿಂದುಗಳೇ ಮೇಲು. ಬಾಕ್ಸಿಂಗ್‌ನಲ್ಲಿ ಸಾಮಾನ್ಯ ನಿಲುವಿನವರ ಎಡಗೈ ಮುಂದಿರುತ್ತದೆ, ಸೌತ್‌ಪಾ ನಿಲುವಿನವರ ಬಲಗೈ ಮುಂದಿರುತ್ತದೆ. ‘ಎಡಗೈಯಿಂದ ಜ್ಯಾಬ್’ (ಚುರುಕಾದ ನೇರ ಗುದ್ದು) ಎಂದರೆ ಸೌತ್‌ಪಾದವರು ಗೊಂದಲಕ್ಕೆ ಬೀಳುತ್ತಾರೆ, ‘ಮುಂದಿನ ಕೈಯಿಂದ’ ಎಂದರೆ ಇಬ್ಬರಿಗೂ ಹೊಂದುತ್ತದೆ. ಇಬ್ಬರೂ ಒಂದೇ ಕಾಲನ್ನು ಮುಂದಿಟ್ಟು ನಿಂತರೆ ಐಕಿಡೋದಲ್ಲಿ ಅದು ಐ ಹನ್ಮಿ, ಬೇರೆ ಬೇರೆ ಕಾಲು ಮುಂದಿದ್ದರೆ ಗ್ಯಾಕು ಹನ್ಮಿ. ಕನ್ನಡಿಯಲ್ಲಿ ಕಾಣುವಂತಿರುವುದು ಎರಡನೆಯದು.

ಹೆಜ್ಜೆ 4: ಒಳ ಹೊರಗಳ ಮೂರು ಅರ್ಥ

ನನ್ನ ಮಣಿಕಟ್ಟನ್ನು ಉಳುಕಿಸಿದ್ದು ಈ ಜೋಡಿಪದವೇ. ತರಬೇತಿಯಲ್ಲಿ ಇದಕ್ಕೆ ಕನಿಷ್ಠ ಮೂರು ಅರ್ಥಗಳು ಓಡಾಡುತ್ತವೆ.

ಮೊದಲನೆಯದು ದೇಹದ ಮೇಲಿನ ಜಾಗ: ‘ತೊಡೆಯ ಒಳಭಾಗ’. ನಡುಗೆರೆಗೆ ಹತ್ತಿರವಾದದ್ದು ಒಳ, ಇದರಲ್ಲಿ ಗೊಂದಲವಿಲ್ಲ.

ಎರಡನೆಯದು ನೀವು ನಿಲ್ಲುವ ಜಾಗ. ಎದುರಾಳಿಯ ಎರಡು ತೋಳುಗಳ ನಡುವಿನ ಜಾಗ ಒಳಗು. ಅವರ ಮುಂದಿನ ಕೈಯ ಆಚೆ, ಬೆನ್ನಿನ ಕಡೆಗೆ ಹೋಗುವ ಜಾಗ ಹೊರಗು. ಅವರ ಎಡಗೈ ಮುಂದಿದ್ದರೆ ಹೊರಗು ನಿಮ್ಮ ಬಲಕ್ಕೆ ಬರುತ್ತದೆ. ಒಳಗೆ ನಿಂತಾಗ ಅವರ ಎರಡು ಕೈಗಳೂ ನಿಮಗೆ ತಾಗಬಲ್ಲವು, ಹೊರಗೆ ಸರಿದಾಗ ಹಿಂದಿನ ಕೈಗೆ ಅವರ ಮೈಯೇ ಅಡ್ಡ ಬರುತ್ತದೆ. ಈ ಲಾಭ ಇರುವುದರಿಂದಲೇ ‘ಹೊರಗೆ ಸರಿಯಿರಿ’ ಎಂಬುದು ತರಗತಿಗಳಲ್ಲಿ ಅತಿ ಹೆಚ್ಚು ಕೇಳಿಬರುವ ಸೂಚನೆ. ಹೇಳುವಾಗ ‘ಅವರ ಮುಂದಿನ ಕೈಯ ಹೊರಗೆ’ ಎಂದು ಪೂರ್ತಿ ಹೇಳಿ.

ಮೂರನೆಯದು ಚಲನೆಯ ದಾರಿ. ಜಪಾನಿ ಭಾಷೆಯಲ್ಲಿ ಉಚಿ ಎಂದರೆ ಒಳಗೆ, ಸೋತೊ ಎಂದರೆ ಹೊರಗೆ. ಹಾಗಾದರೆ ಕರಾಟೆಯ ಸೋತೊ ಉಕೆ (ಇಲ್ಲಿ ಉಕೆ ಎಂದರೆ ತಡೆ, ಜೂಡೋದ ಪಾತ್ರವಲ್ಲ) ಎಂಬ ತಡೆ ಹೊರಕ್ಕೆ ಹೋಗುವುದೋ ಹೊರಗಿನಿಂದ ಬರುವುದೋ? ಶೋಟೋಕಾನ್ ಶೈಲಿಯಲ್ಲಿ ಅದು ಹೊರಗಿನಿಂದ ಒಳಕ್ಕೆ ಬರುವ ತಡೆ. ಬೇರೆ ಕೆಲವು ಶೈಲಿಗಳಲ್ಲಿ ಅದೇ ಹೆಸರಿನ ತಡೆ ಒಳಗಿನಿಂದ ಹೊರಕ್ಕೆ ಹೋಗುತ್ತದೆ. ಒಂದು ಶೈಲಿ ಹೊರಟ ಜಾಗದಿಂದ ಹೆಸರಿಟ್ಟಿತು, ಇನ್ನೊಂದು ತಲುಪುವ ಜಾಗದಿಂದ. ಯಾವುದು ಸರಿ ಎಂಬ ವಾದಕ್ಕೆ ಇಳಿಯಬೇಡಿ. ಹೊಸ ತರಗತಿಗೆ ಸೇರಿದ ಮೊದಲ ದಿನವೇ ‘ಎಲ್ಲಿಂದ ಎಲ್ಲಿಗೆ’ ಎಂದು ಕೇಳಿ ತಿಳಿದುಕೊಳ್ಳಿ. ಚಲನೆಯನ್ನು ಹೇಳುವಾಗ ಎರಡೂ ತುದಿಗಳನ್ನು ಹೇಳುವುದೇ ಮದ್ದು.

1882ರಲ್ಲಿ ಜಿಗೊರೊ ಕಾನೊ ಕಟ್ಟಿದ ಜೂಡೋದ ಹೆಸರುಗಳು ಇಲ್ಲಿ ಒಳ್ಳೆಯ ಪಾಠ. ಓ ಸೋತೊ ಗಾರಿ ಎಂದರೆ ಹೊರಗಿನಿಂದ ಕೊಯ್ಯುವ ದೊಡ್ಡ ಪಟ್ಟು. ತೋರಿಯ ಬಲಗಾಲು ಉಕೆಯ ಬಲಗಾಲನ್ನು ಹೊರಬದಿಯಿಂದ ಹಿಂಬದಿಗೆ ಹೋಗಿ ಕೊಯ್ಯುತ್ತದೆ. ಓ ಉಚಿ ಗಾರಿಯಲ್ಲಿ ಅದೇ ಬಲಗಾಲು ಉಕೆಯ ಎರಡು ಕಾಲುಗಳ ನಡುವೆ ಹೊಕ್ಕು ಎಡಗಾಲನ್ನು ಒಳಬದಿಯಿಂದ ಕೊಯ್ಯುತ್ತದೆ. ಒಳ ಹೊರಗಳೆರಡೂ ಉಕೆಯ ಕಾಲಿಗೆ ಸೇರಿದವು. ಒಡೆಯರು ಯಾರೆಂಬುದು ಗೊತ್ತಿದ್ದರೆ ಹೆಸರೇ ಪಟ್ಟನ್ನು ಹೇಳಿಕೊಡುತ್ತದೆ.

ಹೆಜ್ಜೆ 5: ಎತ್ತರ, ಮತ್ತೆ ನೆಲ

ನಿಂತಾಗ ಎತ್ತರವನ್ನು ಮೂರು ಪಟ್ಟಿಗಳಾಗಿ ಹಂಚುವುದು ರೂಢಿ. ಕರಾಟೆಯಲ್ಲಿ ತಲೆಯ ಮಟ್ಟ ಜೋದಾನ್, ಮುಂಡದ ಮಟ್ಟ ಚೂದಾನ್, ಸೊಂಟದ ಕೆಳಗೆ ಗೆದಾನ್. ಟೇಕ್ವಾಂಡೋದಲ್ಲಿ ಇವೇ ಒಲ್ಗುಲ್, ಮೊಂತೊಂಗ್, ಆರೆ. ಇಷ್ಟನ್ನು ಒಂದು ದಿನದಲ್ಲಿ ಕಲಿಯಬಹುದು.

ಕಷ್ಟ ಶುರುವಾಗುವುದು ನೆಲಕ್ಕೆ ಬಿದ್ದ ಮೇಲೆ. ಮಲಗಿದವರಿಗೆ ‘ಮೇಲಕ್ಕೆ ಸರಿಯಿರಿ’ ಎಂದರೆ ತಲೆಯ ದಿಕ್ಕಿಗೋ ಛಾವಣಿಯ ದಿಕ್ಕಿಗೋ? ನೆಲದ ಅಭ್ಯಾಸದಲ್ಲಿ ಮೇಲೆ ಕೆಳಗೆ ಎಂಬ ಪದಗಳನ್ನೇ ಕೈಬಿಡಿ. ‘ತಲೆಯ ಕಡೆಗೆ’, ‘ಪಾದದ ಕಡೆಗೆ’, ‘ಛಾವಣಿಯ ಕಡೆಗೆ’, ‘ನೆಲದ ಕಡೆಗೆ’ ಎನ್ನಿ. ‘ಸೊಂಟವನ್ನು ಛಾವಣಿಯ ಕಡೆಗೆ ಎತ್ತಿ, ಆಮೇಲೆ ನಿಮ್ಮ ಬಲ ಹೆಗಲಿನ ಮೇಲೆ ಹೊರಳಿ’ ಎಂದಾಗ ಮೈಮೇಲೆ ಕುಳಿತವರನ್ನು ಉರುಳಿಸುವ ದಾರಿ ಕಣ್ಣಿಗೆ ಕಟ್ಟುತ್ತದೆ.

ಮಲಗಿದ ಭಂಗಿಗಳಿಗೆ ಕನ್ನಡದಲ್ಲಿ ಒಂದೊಂದೇ ಪದದ ಹೆಸರುಗಳಿವೆ: ಮುಖ ಮೇಲಾಗಿದ್ದರೆ ಅಂಗಾತ, ಕೆಳಗಾಗಿದ್ದರೆ ಬೋರಲು, ಪಕ್ಕಕ್ಕಾಗಿದ್ದರೆ ಮಗ್ಗುಲು. ಇಷ್ಟು ಚಿಕ್ಕದಾಗಿ, ಇಷ್ಟು ಖಚಿತವಾಗಿ ಹೇಳುವ ಪದಗಳು ಮನೆಯಲ್ಲೇ ಇರುವಾಗ ‘ಬೆನ್ನು ಕೆಳಗಾಗಿ ಮಲಗಿ’ ಎಂದು ಸುತ್ತಿ ಬಳಸುವುದೇಕೆ?

ಹೆಜ್ಜೆ 6: ಹೆಜ್ಜೆಗಳಿಗೆ ಗಡಿಯಾರ

ನೀವು ಗಡಿಯಾರದ ನಡುವೆ ನಿಂತಿದ್ದೀರಿ ಎಂದುಕೊಳ್ಳಿ. ಮುಖದ ಎದುರು 12, ಬಲಕ್ಕೆ 3, ಬೆನ್ನ ಹಿಂದೆ 6, ಎಡಕ್ಕೆ 9. ‘ಬಲಗಾಲನ್ನು 2ರ ಕಡೆಗೆ ಇಡಿ’ ಎಂದರೆ ಮುಂದಕ್ಕೂ ಪಕ್ಕಕ್ಕೂ ನಡುವಿನ ಓರೆ ಸಿಕ್ಕಿತು. ಮುಖ ತಿರುಗಿಸಿದಾಗ ಗಡಿಯಾರವೂ ನಿಮ್ಮೊಂದಿಗೆ ತಿರುಗುತ್ತದೆಯೇ ಎಂಬುದನ್ನು ಮಾತ್ರ ಮೊದಲೇ ನಿರ್ಧರಿಸಿಕೊಳ್ಳಿ. ತಿರುಗುತ್ತದೆ ಎಂದಿಟ್ಟುಕೊಳ್ಳುವುದು ನನ್ನ ಪದ್ಧತಿ. ಎದುರಾಳಿಯ ತೂಕ ತಪ್ಪಿಸುವ ದಿಕ್ಕುಗಳನ್ನು ಜೂಡೋ ಎಂಟಾಗಿ ಹಂಚುತ್ತದೆ. ಅವು ಉಕೆಯ ದಿಕ್ಕುಗಳು, ತೋರಿಯವಲ್ಲ.

ಗಡಿಯಾರದ ಮುಳ್ಳಿನಂತೆ ತಿರುಗಿ ಎಂಬ ಸೂಚನೆಯಲ್ಲಿ ಒಂದು ಸೂಕ್ಷ್ಮವಿದೆ. ಪಾದದ ಮೇಲೆ ಇಡೀ ಮೈಯನ್ನು ತಿರುಗಿಸುವಾಗ ಮೇಲಿನಿಂದ ನೋಡಿದಂತೆ ಎಂದರೆ ಎಲ್ಲರಿಗೂ ಒಂದೇ ಅರ್ಥ. ಇಬ್ಬರ ನಡುವೆ ಹಿಡಿದ ಮಣಿಕಟ್ಟನ್ನು ತಿರುಗಿಸುವಾಗ ಹಾಗಲ್ಲ: ನಿಮಗೆ ಮುಳ್ಳಿನಂತೆ ಕಾಣುವುದು ಎದುರಿಗಿರುವವರಿಗೆ ಅಪ್ರದಕ್ಷಿಣೆಯಾಗಿ ಕಾಣುತ್ತದೆ. ಅಲ್ಲಿ ‘ಹೆಬ್ಬೆರಳು ಯಾವ ಕಡೆಗೆ ಹೋಗಬೇಕು’ ಎಂದು ಹೇಳುವುದು ಕ್ಷೇಮ. ಕೋತೆ ಗಾಯೇಶಿಯಲ್ಲಿ ಹಿಡಿಸಿಕೊಂಡವರ ಹೆಬ್ಬೆರಳು ಅವರದೇ ನಡುಗೆರೆಯಿಂದ ದೂರಕ್ಕೆ ಹೊರಳಬೇಕು. ಅಂದು ಈ ಒಂದು ಮಾತು ಸಿಕ್ಕಿದ್ದರೆ ನನ್ನ ಕೈ ಉಳಿಯುತ್ತಿತ್ತು.

ಹೆಜ್ಜೆ 7: ಕೀಲುಗಳ ಕ್ರಿಯಾಪದಗಳು

ಮಡಿಸು, ಚಾಚು, ತಿರುಚು, ಪಕ್ಕಕ್ಕೆ ವಾಲಿಸು. ಈ ನಾಲ್ಕನ್ನು ಬೆರೆಸಬೇಡಿ. ಮೊಣಕೈ ಬಾಗಿಲಿನ ಕೀಲಿನಂತೆ, ಮಡಿಯುವುದೂ ಚಾಚುವುದೂ ಒಂದೇ ಗೆರೆಯಲ್ಲಿ. ಚಾಚಿದ ಮೇಲೂ ಒತ್ತಿದರೆ ಗಾಯವಾಗುತ್ತದೆ. ಮಂಡಿಯೂ ಬಹುಮಟ್ಟಿಗೆ ಹಾಗೆಯೇ, ಪಕ್ಕದಿಂದ ಬಂದ ಒತ್ತಡವನ್ನು ಅದು ತಾಳಿಕೊಳ್ಳಲಾರದು. ಭುಜ ಎಲ್ಲ ಕಡೆಗೂ ತಿರುಗುವ ಗುಂಡುಕೀಲು, ಅದಕ್ಕೇ ಬೇಗ ಜಾರಿಯೂ ಹೋಗುತ್ತದೆ. ಇನ್ನು ಅಂಗೈಯನ್ನು ಅಂಗಾತ ಮಾಡುವುದು, ಕವುಚುವುದು ಮಣಿಕಟ್ಟಿನ ಕೆಲಸ ಎಂದು ಹೆಚ್ಚಿನವರು ತಿಳಿದಿದ್ದಾರೆ. ಆ ತಿರುಚು ನಡೆಯುವುದು ಮುಂದೋಳಿನ ಎರಡು ಮೂಳೆಗಳ ನಡುವೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಅಂಗೈಯನ್ನು ಹೊರಳಿಸಿ ನೋಡಿ, ಇನ್ನೊಂದು ಕೈಯಿಂದ ಮುಟ್ಟಿದರೆ ಅದು ಅರಿವಿಗೆ ಬರುತ್ತದೆ.

ಹೆಜ್ಜೆ 8: ಎಲ್ಲವನ್ನೂ ಒಂದು ಹಿಡಿತಕ್ಕೆ ಹಚ್ಚಿ

ಹಿಡಿದವರ ಬಲಗೈ ನಿಮ್ಮ ಎಡ ಮಣಿಕಟ್ಟನ್ನು ಹಿಡಿದಿದೆ ಎನ್ನಿ. ನಿಮ್ಮ ಹೆಬ್ಬೆರಳು ಛಾವಣಿಯ ಕಡೆಗಿದೆ. ಹಿಡಿತದಲ್ಲಿ ದುರ್ಬಲವಾದ ಜಾಗ ಅವರ ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ನಡುವಿನ ಸಂದು. ಈ ಹಿಡಿತದಲ್ಲಿ ಅದು ನಿಮ್ಮ ನಡುಗೆರೆಯ ಕಡೆಗೆ ತೆರೆದಿರುತ್ತದೆ. ಈಗ ಸೂಚನೆ ಹೀಗೆ: ಒಂದು ಪಾದವನ್ನು 12ರ ಕಡೆಗೆ ಇಟ್ಟು ಹತ್ತಿರವಾಗಿ. ನಿಮ್ಮ ಮಣಿಕಟ್ಟಿನ ಹೆಬ್ಬೆರಳಿನ ಕಡೆಯ ಅಂಚನ್ನು ಆ ಸಂದಿಗೆ ಹೊಂದಿಸಿ. ನಿಮ್ಮ ಎಡ ಮೊಣಕೈಯನ್ನು ಮಡಿಸುತ್ತಾ ಅವರ ಬಲ ಮೊಣಕೈಯ ಕಡೆಗೆ ತಳ್ಳಿ. ಅದೇ ಹೊತ್ತಿಗೆ ಎಡ ಅಂಗೈ ನಿಮ್ಮ ಬಲ ಭುಜದ ಕಡೆಗೆ ಬರಲಿ. ಕೈ ಬಿಡಿಸಿದ ಕೂಡಲೇ 6ರ ಕಡೆಗೆ ಸರಿಯಿರಿ.

ಅವರ ಅದೇ ಬಲಗೈ ಅಡ್ಡ ಬಂದು ನಿಮ್ಮ ಬಲ ಮಣಿಕಟ್ಟನ್ನು ಹಿಡಿದರೆ ಸಂದು ನಿಮ್ಮ ಹೊರಬದಿಗೆ ತೆರೆಯುತ್ತದೆ. ಬಿಡಿಸುವ ದಿಕ್ಕೂ ಆಗ ನಡುಗೆರೆಯಿಂದ ದೂರಕ್ಕೆ. ‘ಕೈಯನ್ನು ಎಳೆದುಕೊಳ್ಳಿ’ ಎಂದಷ್ಟೇ ಕಲಿತವರು ಈ ಎರಡರ ವ್ಯತ್ಯಾಸವನ್ನು ಕಾಣದೆ ಬಲವನ್ನೇ ನಂಬುತ್ತಾರೆ, ಎದುರಿಗಿರುವವರು ಹೆಚ್ಚು ಬಲಶಾಲಿಯಾಗಿದ್ದರೆ ಅಲ್ಲಿಗೆ ಮುಗಿಯಿತು.

ಹೆಜ್ಜೆ 9: ಮುಟ್ಟುವ ಮೊದಲು ಹೆಸರು ಹೇಳಬೇಕಾದ ಜಾಗಗಳು

ದೇಹದ ಸೂಕ್ಷ್ಮ ಜಾಗಗಳನ್ನು ಹೆಸರಿಸಿ ಎಣಿಸುವ ಕೆಲಸ ಹಳೆಯದು. ಸುಶ್ರುತ ಸಂಹಿತೆ 107 ಮರ್ಮಗಳನ್ನು ಹೇಳುತ್ತದೆ, ಕೇರಳದ ಸಮರಕಲೆ ಕಳರಿಪಯಟ್ಟಿನಲ್ಲಿ ಮರ್ಮಗಳ ಅರಿವು ಹೊಡೆತಕ್ಕೂ ಚಿಕಿತ್ಸೆಗೂ ಸೇರಿದ್ದು. ಆತ್ಮರಕ್ಷಣೆ ಕಲಿಯುವವರಿಗೆ ಅಷ್ಟು ಬೇಕಾಗಿಲ್ಲ. ಕಣ್ಣು, ಕಣತಲೆ, ಗಂಟಲು, ಹೆಡತಲೆ, ಎದೆಗುಂಡಿಗೆ, ಮುಂದೆ ಎದೆಮೂಳೆಗೆ ಅಂಟಿಕೊಳ್ಳದ ಕೊನೆಯ ಎರಡು ಜೊತೆ ಪಕ್ಕೆಲುಬುಗಳು, ತೊಡೆಸಂದು, ಮಂಡಿಯ ಪಕ್ಕ. ಇವನ್ನು ಜೊತೆಗಾರರ ಮೇಲೆ ಅಭ್ಯಾಸ ಮಾಡುವಾಗ ಜಾಗದ ಹೆಸರನ್ನು ಗಟ್ಟಿಯಾಗಿ ಹೇಳಿ, ಒಂದು ಗೇಣು ದೂರದಲ್ಲೇ ನಿಲ್ಲಿಸಿ. ಗಂಟಲು ಮತ್ತು ಹೆಡತಲೆಯ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಪೆಟ್ಟಾದಾಗಲೂ ಇದೇ ಮಾತು ನೆರವಿಗೆ ಬರುತ್ತದೆ. ‘ಕೈ ನೋಯುತ್ತಿದೆ’ ಎನ್ನುವುದಕ್ಕೂ ‘ಬಲ ಮೊಣಕೈಯ ಒಳಬದಿಗೆ ಪೆಟ್ಟು ಬಿತ್ತು, ಅಂದಿನಿಂದ ಉಂಗುರಬೆರಳು, ಕಿರುಬೆರಳು ಜುಮುಗುಡುತ್ತಿವೆ’ ಎನ್ನುವುದಕ್ಕೂ ಬಹಳ ಅಂತರವಿದೆ. ಆ ಎರಡು ಬೆರಳುಗಳಿಗೆ ಹೋಗುವ ನರ ಮೊಣಕೈಯ ಒಳಬದಿಯಲ್ಲಿ ಚರ್ಮಕ್ಕೆ ತೀರ ಹತ್ತಿರ ಹಾದುಹೋಗುತ್ತದೆ. ಎರಡನೆಯ ಮಾತು ಕೇಳಿದ ವೈದ್ಯರು ನೇರವಾಗಿ ಅಲ್ಲಿಗೇ ಕೈ ಹಾಕುತ್ತಾರೆ.

ಹೆಜ್ಜೆ 10: ಬಾಯಿಯ ಅಭ್ಯಾಸ

ಕಳರಿಯಲ್ಲಿ ವಾಯ್ತಾರಿ ಎಂಬ ಪದ್ಧತಿಯಿದೆ. ಗುರುವಿನ ಬಾಯಿಂದ ಬರುವ ಸೂಚನೆಗೆ ತಕ್ಕಂತೆ ಶಿಷ್ಯರ ಮೈ ಚಲಿಸುತ್ತದೆ. ಇದನ್ನೇ ಸಣ್ಣದಾಗಿ ಇಬ್ಬರು ಮಾಡಬಹುದು. ಜೊತೆಗಾರರು ನಿಮಗೆ ಬೆನ್ನು ಹಾಕಿ ನಿಲ್ಲಲಿ. ಕೈಸನ್ನೆಯಿಲ್ಲದೆ, ಮುಟ್ಟದೆ, ಮಾತಿನಿಂದಲೇ ಅವರನ್ನು ಒಂದು ಭಂಗಿಗೆ ತನ್ನಿ: ‘ನಿಮ್ಮ ಎಡ ಪಾದ 10ರ ಕಡೆಗೆ. ಬಲ ಮೊಣಕೈ ಮಡಿಸಿ. ಬಲ ಅಂಗೈ ಎಡ ಕೆನ್ನೆಯ ಎದುರು, ಕಿರುಬೆರಳಿನ ಅಂಚು ಮುಂದಕ್ಕೆ.’ ಅವರು ‘ಯಾವ ಕಡೆ?’ ಎಂದು ಕೇಳಿದ ಪ್ರತಿ ಸಲವೂ ವಾಕ್ಯವನ್ನು ನೀವು ತಿದ್ದಬೇಕು, ಅವರ ಕೈಕಾಲನ್ನಲ್ಲ. ಹತ್ತು ಸೂಚನೆಗಳು ಮುಗಿದ ಮೇಲೆ ಜಾಗ ಬದಲಿಸಿಕೊಳ್ಳಿ. ಒಂದೂ ಪ್ರಶ್ನೆ ಬಾರದೆ ಹತ್ತೂ ಮುಗಿಯುವಂತಾದ ದಿನ ಜೊತೆಗಾರರನ್ನು ಅಂಗಾತ ಮಲಗಿಸಿ ಮೊದಲಿನಿಂದ ಶುರುಮಾಡಿ.